ಒಂದು ಕೌಂಟರ್, ಎರಡು ಮುಖ

ಪುಟಾಣಿಗಳೇ, ಸೂಪರ್ ಮಾರ್ಕೆಟ್‌ನಲ್ಲಿ ಬಿಲ್ ಹಾಕುವ ಕೌಂಟರ್ ನೋಡಿದ್ದೀರಲ್ಲವೇ? ವಿದೇಶದ ಕೆಲವು ಅಂಗಡಿಗಳಲ್ಲಿ ಅದರ ಪರದೆ ಫ್ಯಾನಿನಂತೆ ಆಚೀಚೆ ತಿರುಗುತ್ತದೆ. ಒಳಗೆ ತಿರುಗಿಸಿದರೆ ಕ್ಯಾಷಿಯರ್ ಬಿಲ್ ಮಾಡುತ್ತಾರೆ. ಹೊರಗೆ ತಿರುಗಿಸಿದರೆ ನೀವೇ ಕ್ಯಾಷಿಯರ್!

ಆಗ ಬಾರ್‌ಕೋಡನ್ನು ಸ್ಕ್ಯಾನರ್‌ಗೆ ತೋರಿಸಿ, ಸಾಮಾನನ್ನು ಪಕ್ಕದ ಹಲಗೆಯ ಮೇಲಿಡಬೇಕು. ಹಲವು ಕಡೆ ಅದರಡಿ ತೂಕದ ಯಂತ್ರವಿರುತ್ತದೆ. ಬಿಸ್ಕತ್ತು ತೋರಿಸಿ ಬೆಲ್ಲ ಇಟ್ಟರೆ ತೂಕ ತಾಳೆಯಾಗದು. ಯಂತ್ರ ಮುಂದೆ ಹೋಗದು!

ಆದರೆ ಅಜ್ಜಿಗೆ ಪರದೆಯ ಸಣ್ಣ ಅಕ್ಷರ ಕಾಣಿಸದು. ಅಜ್ಜನಿಗೆ ನಾಲ್ಕು ಮಾತು ಬೇಕು. ನೆದರ್‌ಲ್ಯಾಂಡ್ಸ್‌ನ ಜಂಬೊ ಮಳಿಗೆ 2019ರಲ್ಲಿ ಅವಸರವಿಲ್ಲದವರಿಗೆಂದೇ ‘ಹರಟೆ ಕೌಂಟರ್’ ತೆರೆಯಿತು. ಒಂಟಿಯಾಗಿರುವ ಹಿರಿಯರು ಅಲ್ಲಿ ಮಾತಾಡುತ್ತಲೇ ಬಿಲ್ ಮಾಡಿಸಬಹುದು.

ಅವಸರದವರಿಗೆ ಯಂತ್ರವಿರಲಿ, ಮಾತು ಬೇಕಾದವರಿಗೆ ಮನುಷ್ಯರೂ ಇರಲಿ. ಪರದೆ ಎರಡೂ ಕಡೆ ತಿರುಗಬೇಕಾದದ್ದು ಅದಕ್ಕೇ.