ನಿಮ್ಮ ಪಂಚಾಯ್ತಿ ಸದಸ್ಯರೂ ಊರ ಕೆರೆಯೂ



ನಿಮ್ಮ ಊರಿನ ಸದಸ್ಯರು ಏನು ಕೆಲಸ ಮಾಡಿದ್ದಾರೆಂದು ಯಾರಾದರೂ ಕೇಳಿದರೆ ನೀವು ಏನನ್ನು ತೋರಿಸುತ್ತೀರಿ? ಸಿಮೆಂಟು ರಸ್ತೆ, ಬೀದಿ ದೀಪ, ಬಸ್ಸು ನಿಲ್ಲುವ ಕಡೆ ಕಟ್ಟಿಸಿದ ತಂಗುದಾಣ, ಅದರ ಹಣೆಯ ಮೇಲೆ ಬರೆಸಿದ ಹೆಸರು. ಇವು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಊರ ಕೆರೆಯ ಎಲ್ಲೆಕಲ್ಲು ಎಲ್ಲಿದೆ, ರಾಜಕಾಲುವೆ ಯಾರ ಹೊಲದ ಅಂಚಿನಲ್ಲಿ ಬರುತ್ತದೆ ಎಂಬುದನ್ನು ಅರಿತ ಸದಸ್ಯರು ಎಷ್ಟು ಮಂದಿ ಇದ್ದಾರೆ? ಇದನ್ನು ಕೇಳುವುದಕ್ಕೆ ಕಾರಣವುಂಟು. ಬೆಂಗಳೂರಿನ ಪೂರ್ವಕ್ಕೆ, ಒಂದೇ ಸಾಲಿನಲ್ಲಿರುವ ಎರಡು ಕೆರೆಗಳ ಸಂಗತಿಯನ್ನು ಓದಿದರೆ ಆ ಕಾರಣ ನಿಮಗೇ ತಿಳಿಯುತ್ತದೆ.

ಮೊದಲು ಬೆಳ್ಳಂದೂರು. ಇಲ್ಲಿನ ಗ್ರಾಮ ಪಂಚಾಯ್ತಿಯ ಹೆಸರನ್ನು ನಿಮ್ಮಲ್ಲಿ ಹಿರಿಯರು ಕೇಳಿರಬಹುದು. 1990ರ ದಶಕದ ಕೊನೆ ಮತ್ತು 2000ದ ಮೊದಲ ವರ್ಷಗಳಲ್ಲಿ, ಅನೇಕ ಪಂಚಾಯ್ತಿಗಳ ಕಂದಾಯದ ಪುಸ್ತಕಗಳು ಗೆದ್ದಲು ಹಿಡಿದು ಕುಳಿತಿದ್ದಾಗ, ಈ ಪಂಚಾಯ್ತಿ ತನ್ನ ಲೆಕ್ಕಪತ್ರಗಳನ್ನು ಕಂಪ್ಯೂಟರಿಗೆ ಏರಿಸಿತು. ಅಧ್ಯಕ್ಷರಾಗಿದ್ದ ಕೆ. ಜಗನ್ನಾಥ್ ಅವರ ಹೆಸರು ಈ ಕೆಲಸದಿಂದಾಗಿ ಪತ್ರಿಕೆಗಳಲ್ಲಿ ಬಂದಿತು. ಇದರಲ್ಲಿ ಏನು ದೊಡ್ಡ ವಿಷಯವೆಂದು ನೀವು ಕೇಳಬಹುದು. ಯಾವ ಮನೆ ಎಷ್ಟು ಕಂದಾಯ ಕೊಡಬೇಕೆಂಬುದು ಸ್ಪಷ್ಟವಾದರೆ ವಸೂಲಿ ಸರಿಯಾಗುತ್ತದೆ. ವಸೂಲಿ ಸರಿಯಾದರೆ ಪಂಚಾಯ್ತಿ ನೀರಿಗೂ ಚರಂಡಿಗೂ ಬೇರೆಯವರ ಮುಂದೆ ಕೈಯೊಡ್ಡುವುದು ತಪ್ಪುತ್ತದೆ. ಪುಸ್ತಕ ಸರಿಯಾಗಿಟ್ಟ ಪಂಚಾಯ್ತಿಯ ಮಾತಿಗೆ ಕಚೇರಿಗಳಲ್ಲಿಯೂ ಬೆಲೆ ಇರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇದು ಹತ್ತು ತಂಗುದಾಣಗಳಿಗಿಂತ ಮೇಲಾದ ಕೆಲಸ.

ಆದರೂ ಬೆಳ್ಳಂದೂರು ಕೆರೆ ಹಾಳಾಯಿತು. ಸುಮಾರು 900 ಎಕರೆಯ, ಬೆಂಗಳೂರಿನಲ್ಲಿ ಎಲ್ಲಕ್ಕಿಂತ ದೊಡ್ಡದಾದ ಕೆರೆ ಅದು. ಒಂದು ಕಾಲಕ್ಕೆ ಅದರ ನೀರಿನಲ್ಲಿ ಭತ್ತ ಬೆಳೆಯುತ್ತಿತ್ತು, ಬೆಸ್ತರ ಬಲೆಗೆ ಮೀನು ಸಿಕ್ಕುತ್ತಿತ್ತು. ಹಾಳಾದುದು ಹೇಗೆಂದರೆ, ಕೆರೆ ಊರಿನದಾದರೂ ಅದಕ್ಕೆ ಬರುವ ನೀರು ಊರಿನದಲ್ಲ. ಶಿವಾಜಿನಗರದ ಚರಂಡಿ ನೀರು ಹಲಸೂರು ಕೆರೆಗೆ ಇಳಿಯುತ್ತದೆ. ಹಲಸೂರಿನ ಕೋಡಿ ನೀರು ಚಲ್ಲಘಟ್ಟ ಕಣಿವೆಯನ್ನು ಹಿಡಿದು ಬೆಳ್ಳಂದೂರಿಗೆ ಬರುತ್ತದೆ. ಕೋರಮಂಗಲದ ಕಡೆಯಿಂದ ಇನ್ನೊಂದು ಕಣಿವೆ ಬಂದು ಸೇರುತ್ತದೆ. ಅಲ್ಲಿಂದ ಮುಂದೆ ವರ್ತೂರು ಕೆರೆ, ಅದರ ಆಚೆ ದಕ್ಷಿಣ ಪಿನಾಕಿನಿ. ನಗರ ಬೆಳೆದಂತೆ ಈ ಕಣಿವೆಗಳಲ್ಲಿ ಮಳೆನೀರಿಗಿಂತ ಕೊಳಚೆಯೇ ಹೆಚ್ಚಾಗಿ ಹರಿಯಿತು. ದಂಟಿನ ಗಿಡಕ್ಕೆ ಗೊಬ್ಬರ ಹೆಚ್ಚಾದರೆ ಏನಾಗುತ್ತದೆಂದು ನಿಮಗೆ ಗೊತ್ತು. ಹಾಗೆಯೇ ಕೊಳಚೆಯ ಸಾರವುಂಡು ಅಂತರಗಂಗೆ ಕೆರೆಯ ಮೈತುಂಬ ಹಬ್ಬಿತು. ಅದು ಸತ್ತು ತಳಕ್ಕಿಳಿದು ಕೊಳೆಯಿತು. ಸೋಪಿನ ಪುಡಿಯ ನೀರು ಕೋಡಿಯಲ್ಲಿ ಧುಮುಕಿ ನೊರೆಯೆದ್ದು ರಸ್ತೆಗೆ ಹಾರಿತು. 2015ರಲ್ಲಿ ಆ ನೊರೆಗೆ ಬೆಂಕಿ ಹತ್ತಿತು. 2017ರಲ್ಲಿ ಮತ್ತೆ ಬೆಂಕಿ. 2018ರ ಜನವರಿಯಲ್ಲಿ ಕೆರೆಯೊಳಗಣ ಬೆಂಕಿಯನ್ನು ಆರಿಸಲು ಸೈನ್ಯದವರನ್ನು ಕರೆಸಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗಳ ಸುಧಾರಣೆಗಾಗಿ 500 ಕೋಟಿ ರೂಪಾಯಿ ತೆಗೆದಿಡಬೇಕೆಂದು ಸರ್ಕಾರಕ್ಕೆ ಆಜ್ಞೆ ಮಾಡಿತು. ಇದು ಒಂದು ಪಂಚಾಯ್ತಿ ಹೊರುವ ಹೊರೆಯೇ? ಮೇಲಿನ ಊರುಗಳವರು ಕೈಹಾಕದಿದ್ದರೆ ಕೆಳಗಿನ ಊರಿನ ಸದಸ್ಯ ಎಷ್ಟು ಚುರುಕಾಗಿದ್ದರೂ ಕೆರೆ ಉಳಿಯುವುದಿಲ್ಲ.

ಈಗ ಅದೇ ನೀರಿನ ದಾರಿಯಲ್ಲಿ ಸ್ವಲ್ಪ ಮೇಲಕ್ಕೆ ಬನ್ನಿರಿ. ಸರ್ಜಾಪುರ ರಸ್ತೆಯ ಪಕ್ಕದಲ್ಲಿ ಕೈಕೊಂಡ್ರಹಳ್ಳಿಯ ಕೆರೆಯಿದೆ, ಸುಮಾರು 48 ಎಕರೆ. ಇದರ ಕೋಡಿ ನೀರು ಸೌಳು ಕೆರೆಗೆ ಹೋಗಿ ಅಲ್ಲಿಂದ ಬೆಳ್ಳಂದೂರನ್ನು ಸೇರುತ್ತದೆ. ಇದೂ ಕೊಳಚೆ ಸೇರಿ, ನೀರು ಬತ್ತಿ, ಕೆರೆಯೆಂಬ ಹೆಸರನ್ನಷ್ಟೇ ಉಳಿಸಿಕೊಂಡಿತ್ತು. 2008-09ರ ಸುಮಾರಿಗೆ ಸುತ್ತಲಿನ ನಿವಾಸಿಗಳು ಪಾಲಿಕೆಯ ಕೆರೆ ವಿಭಾಗದ ಎಂಜಿನಿಯರರೊಡನೆ ಕುಳಿತು ಕೆಲಸದ ನಕ್ಷೆಯನ್ನು ಚರ್ಚಿಸಿದರು. ಹೂಳು ತೆಗೆಯಲಾಯಿತು, ಏರಿ ಬಲಪಡಿಸಲಾಯಿತು, ಕೊಳಚೆಯನ್ನು ಬೇರೆ ದಾರಿಗೆ ತಿರುಗಿಸಲಾಯಿತು. ಮಳೆ ಬಂದು ಕೆರೆ ತುಂಬಿತು. ಹಕ್ಕಿಗಳು ಹಿಂತಿರುಗಿದವು.

ಇಲ್ಲಿ ನೀವು ಮುಖ್ಯವಾಗಿ ಗಮನಿಸಬೇಕಾದ ಒಂದು ವಿಷಯವಿದೆ. ಕೆರೆಯನ್ನು ಬೇಲಿ ಹಾಕಿ, ವಾಯುವಿಹಾರದವರಿಗೆ ಮಾತ್ರ ಬಿಟ್ಟುಬಿಡುವುದು ಸುಲಭವಾಗಿತ್ತು. ಪಟ್ಟಣದ ಎಷ್ಟೋ ಕೆರೆಗಳಲ್ಲಿ ಹಾಗೆಯೇ ಆಗಿದೆ. ಇಲ್ಲಿ ಹಾಗಾಗಲಿಲ್ಲ. ದನ ಕಟ್ಟಿದವರು ಬಂದು ಹುಲ್ಲು ಕೊಯ್ಯಬಹುದು. ಗಣೇಶನನ್ನು ಬಿಡುವುದಕ್ಕೆ ಬೇರೆಯಾಗಿ ಒಂದು ಕಲ್ಯಾಣಿ ಮಾಡಿದರು. ಕೆರೆಯ ಮಗ್ಗುಲಲ್ಲೇ ಇರುವ ಸರ್ಕಾರಿ ಶಾಲೆಯ ಮಕ್ಕಳನ್ನೂ ಮರೆಯಲಿಲ್ಲ. ಕೆರೆಯಿಂದ ಉಪಯೋಗ ಪಡೆಯುವವರು ಇದ್ದರೆ ತಾನೇ ಕಾಯುವವರು ಇರುತ್ತಾರೆ? ನಮ್ಮ ಹಿಂದಿನವರು ನೀರುಗಂಟಿಗೆ ಕಣದಲ್ಲಿಯೇ ಧಾನ್ಯದ ಪಾಲು ಕೊಡುತ್ತಿದ್ದುದರ ಅರ್ಥವೂ ಇದೇ. ಇಂಥ ಸಾಮೂಹಿಕ ಆಸ್ತಿಗಳನ್ನು ಜನರೇ ಕಟ್ಟಳೆ ಮಾಡಿಕೊಂಡು ಉಳಿಸಬಲ್ಲರೆಂದು ತೋರಿಸಿಕೊಟ್ಟು, 2009ರಲ್ಲಿ ಅರ್ಥಶಾಸ್ತ್ರಕ್ಕೆ ನೊಬೆಲ್ ಬಹುಮಾನ ಪಡೆದ ಅಮೆರಿಕದ ಎಲಿನಾರ್ ಆಸ್ಟ್ರಮ್ ಅವರು 2012ರಲ್ಲಿ ಈ ಕೆರೆಗೆ ಬಂದು ಒಂದು ಸಸಿ ನೆಟ್ಟರು.

ಇನ್ನೊಂದು ಮಾತು, ಪಟ್ಟಣದ ಅಂಚಿನಲ್ಲಿರುವ ಊರಿನವರಿಗೆ. 2007ರ ಜನವರಿಯಲ್ಲಿ 7 ನಗರಸಭೆಗಳನ್ನೂ ಒಂದು ಪುರಸಭೆಯನ್ನೂ 110 ಹಳ್ಳಿಗಳನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಯಿತು. ಕೃಷ್ಣರಾಜಪುರದ ನಗರಸಭೆ ಹೋಯಿತು, ಸೇರಿದ ಹಳ್ಳಿಗಳ ಪಂಚಾಯ್ತಿಯೂ ಹೋಯಿತು. ಹೊಸ ಪಾಲಿಕೆಗೆ ಚುನಾವಣೆ ನಡೆದುದು 2010ರಲ್ಲಿ. ನಡುವಿನ ಮೂರು ವರ್ಷ ಆ ಹಳ್ಳಿಗಳವರಿಗೆ ತಮ್ಮ ಸದಸ್ಯರೆಂದು ಹೇಳಿಕೊಳ್ಳಲು ಯಾರೂ ಇರಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಸದಸ್ಯರ ಅವಧಿ ಮುಗಿದ ಮೇಲೆ ಮತ್ತೆ ಅದೇ ಆಯಿತು. 2025ರ ಸೆಪ್ಟೆಂಬರಿನಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ಮಾಡುವವರೆಗೂ ಚುನಾವಣೆಯಾಗಲಿಲ್ಲ. ಊರು ಪಟ್ಟಣಕ್ಕೆ ಸೇರಿದರೆ ನಿವೇಶನದ ಬೆಲೆ ಏರುವುದೆಂದು ಸಂತೋಷಪಡುವವರು ಇದನ್ನೂ ಸ್ವಲ್ಪ ಯೋಚಿಸಲಿ. ಗ್ರಾಮಸಭೆ ಎಂಬುದು ನಿಮ್ಮ ಕೈಯಲ್ಲಿರುವುದು ಊರು ಪಂಚಾಯ್ತಿಯಾಗಿರುವ ತನಕ ಮಾತ್ರ. ಕೆರೆಯ ದಾಖಲೆಯನ್ನು ಸರಿಮಾಡಿಸುವುದಿದ್ದರೆ ಅಷ್ಟರೊಳಗೆ ಮಾಡಿಸಬೇಕು.

ಹಾಗಾದರೆ ಸದಸ್ಯರಿಂದ ಏನು ಮಾಡಿಸಬೇಕು? ನಮ್ಮ ರಾಜ್ಯದಲ್ಲಿ ಸರಿಸುಮಾರು 400 ಜನಸಂಖ್ಯೆಗೆ ಒಬ್ಬ ಗ್ರಾಮ ಪಂಚಾಯ್ತಿ ಸದಸ್ಯರಿದ್ದಾರೆ. ಅವರ ಮನೆ ನಿಮ್ಮ ಮನೆಯಿಂದ ದೂರವೇನಿಲ್ಲ. ಒಂದು ಬೆಳಿಗ್ಗೆ ಅವರನ್ನು ಕರೆದುಕೊಂಡು ಕೋಡಿಯಿಂದ ಹೊರಟು ರಾಜಕಾಲುವೆಯ ಗುಂಟ ಮೇಲಿನ ಕೆರೆಯವರೆಗೆ ನಡೆಯಿರಿ. ಎಲ್ಲಿ ಕಾಲುವೆಗೆ ಮಣ್ಣು ತುಂಬಿದ್ದಾರೆ, ಯಾವ ಬಡಾವಣೆಯ ಕೊಳವೆ ಅದರೊಳಗೆ ಬಾಯಿ ತೆರೆದಿದೆ, ಅಲ್ಲೇ ಗುರುತು ಹಾಕಿಕೊಳ್ಳಿರಿ. ಸದಸ್ಯರಿಗೆ ಸಂಕೋಚವಾದೀತು, ಏಕೆಂದರೆ ಒತ್ತುವರಿ ಮಾಡಿದವರು ಅವರಿಗೆ ವೋಟು ಕೊಟ್ಟವರೇ ಆಗಿರಬಹುದು, ಒಮ್ಮೊಮ್ಮೆ ನೆಂಟರೂ ಆಗಿರಬಹುದು. ಆದ್ದರಿಂದ ಅವರೊಬ್ಬರನ್ನೇ ಕಳಿಸಬೇಡಿರಿ, ಹತ್ತು ಜನ ಜೊತೆಗೆ ಹೋಗಿರಿ. ಮೇಲಿನ ಊರಿನ ಸದಸ್ಯರನ್ನೂ ಕರೆಯಿರಿ. ಬೆಳ್ಳಂದೂರಿನ ಸಂಗತಿ ಓದಿದಿರಲ್ಲ, ನಿಮ್ಮ ಕೆರೆಯ ಕೀಲಿ ಅವರಲ್ಲಿಯೂ ಇದೆ.

ಆಮೇಲೆ ಅಳತೆ. ಕೆರೆಯ ಸರ್ವೆ ನಂಬರು ಯಾವುದು, ವಿಸ್ತೀರ್ಣ ಎಷ್ಟು ಎಕರೆ ಎಷ್ಟು ಗುಂಟೆ ಎಂಬುದು ಪಹಣಿಯಲ್ಲಿರುತ್ತದೆ. ಕೆರೆಯನ್ನು ಅಳೆಸಿ ಎಲ್ಲೆಕಲ್ಲು ನೆಡಿಸಿಕೊಡಬೇಕೆಂದು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ಅದನ್ನು ತಹಶೀಲ್ದಾರರಿಗೆ ಕಳಿಸಬೇಕು. ಎರಡು ಗ್ರಾಮಸಭೆಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರವಿರಕೂಡದೆಂದು ಕಾಯಿದೆಯಿದೆ. ಸಭೆ ಸೇರದಿದ್ದರೆ ಸದಸ್ಯರನ್ನು ಕೇಳುವ ಹಕ್ಕು ನಿಮ್ಮದು. ಕಳಿಸಿದ ಕಾಗದ ಎಲ್ಲಿ ನಿಂತಿದೆಯೆಂದು ತಿಳಿಯದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ 10 ರೂಪಾಯಿ ಕಟ್ಟಿ ಕೇಳಿರಿ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಲೇಬೇಕು.

ಸಭೆಗೆ ಹೋಗುವಾಗ ಬಾಯಿಮಾತನ್ನೇ ನಂಬಿ ಹೋಗಬೇಡಿರಿ. ಸರ್ವೆ ನಂಬರು, ಕಾಲುವೆಯಲ್ಲಿ ಕಂಡ ತೊಡಕುಗಳು, ತಾರೀಖು, ಇಷ್ಟನ್ನು ಎರಡು ಪ್ರತಿ ಬರೆದುಕೊಂಡು ಹೋಗಿ, ಒಂದನ್ನು ಅಧ್ಯಕ್ಷರಿಗೆ ಕೊಟ್ಟು, ಇನ್ನೊಂದರ ಮೇಲೆ ಪಂಚಾಯ್ತಿಯ ಮೊಹರು ಹಾಕಿಸಿಕೊಂಡು ಮನೆಗೆ ತನ್ನಿರಿ.