ತಂಬಾಕಿನ ಧೂಳೂ ಅದನ್ನು ತೂಗುವ ಯಂತ್ರವೂ

ನಿಪ್ಪಾಣಿಯ ತಂಬಾಕು ವಖಾರಗಳಲ್ಲಿ ಒಣಗಿದ ಎಲೆಯನ್ನು ಕುಟ್ಟಿ, ಜರಡಿಯಾಡಿಸಿ, ಬೀಡಿಗೆ ತಕ್ಕ ದರ್ಜೆಗಳಾಗಿ ವಿಂಗಡಿಸುವಾಗ ಏಳುವ ಧೂಳು, ಸಂಜೆ ಕೆಲಸ ನಿಂತು ಕಸ ಗುಡಿಸಿಯಾದ ಕೆಲಹೊತ್ತಿನಲ್ಲೇ ನೆಲಕ್ಕಿಳಿದು ಶಾಂತವಾಯಿತೆಂದು ಕಣ್ಣು ನಂಬುವುದು. ಆದರೆ ಆ ನಂಬಿಕೆ ಅರ್ಧಸತ್ಯವಷ್ಟೇ. ಮಿಲಿಮೀಟರಿನ ಸಾವಿರದಲ್ಲೊಂದು ಅಂಶಕ್ಕೆ ಮೈಕ್ರಾನೆಂದು ಹೆಸರು. ನೀರಿನಷ್ಟೇ ಸಾಂದ್ರತೆಯುಳ್ಳ 10 ಮೈಕ್ರಾನ್ ವ್ಯಾಸದ ಕಣವೊಂದು ನಿಶ್ಚಲವಾದ ಗಾಳಿಯಲ್ಲಿ ಒಂದೂವರೆ ಮೀಟರ್ ಕೆಳಗಿಳಿಯಲು ಸುಮಾರು 8 ನಿಮಿಷ ಸಾಕಾದರೆ, 1 ಮೈಕ್ರಾನಿನ ಕಣಕ್ಕೆ ಸುಮಾರು 12 ಗಂಟೆ ಬೇಕು. ಎಂದರೆ, ಸಂಜೆ ಎದ್ದ ಸೂಕ್ಷ್ಮರಜದ ಒಂದು ಪಾಲು ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವಾಗಲೂ ಅಂತರದಲ್ಲೇ ತೇಲುತ್ತಿರಬಲ್ಲದು. ದಪ್ಪ ಕಣಗಳನ್ನು ಮೂಗೂ ಗಂಟಲೂ ಬಹುಮಟ್ಟಿಗೆ ತಡೆದು ಸೀನು ಕೆಮ್ಮುಗಳಿಂದ ಹೊರಹಾಕುತ್ತವೆ. 4 ಮೈಕ್ರಾನಿಗಿಂತ ಕಿರಿದಾದವಾದರೋ ಶ್ವಾಸಕೋಶದ ಕಟ್ಟಕಡೆಯ ಗಾಳಿಚೀಲಗಳವರೆಗೆ ಹೋಗಬಲ್ಲವು. ಕಣ್ಣಿಗೆ ಕಾಣದ್ದೇ ಹೆಚ್ಚು ಆಳಕ್ಕಿಳಿಯುವುದಾದ್ದರಿಂದ, ಇಲ್ಲಿ ಕಣ್ಣನ್ನು ಸಾಕ್ಷಿಯಾಗಿ ಕರೆಯುವುದು ನ್ಯಾಯವಲ್ಲ, ಅಳೆಯಲೇಬೇಕು.

ಅಳೆಯುವ ಯಂತ್ರವು ಅತ್ಯಂತ ಸರಳ. ಸೊಂಟಕ್ಕೆ ಕಟ್ಟಿಕೊಳ್ಳಬಹುದಾದ ಚಿಕ್ಕ ಪಂಪು, ಅಲ್ಲಿಂದ ಕೊರಳವರೆಗೆ ಹರಿದುಬರುವ ನಳಿಕೆ, ನಳಿಕೆಯ ತುದಿಯಲ್ಲಿ ಸೈಕ್ಲೋನ್ ಎಂಬ ಪುಟ್ಟ ಶಂಕು, ಅದರ ಮೇಲೊಂದು ಸೋಸುಬಿಲ್ಲೆ, ಇಷ್ಟೇ ಅದರ ಅಂಗಾಂಗಗಳು. ಒಳಹೊಕ್ಕ ಗಾಳಿ ಶಂಕುವಿನಲ್ಲಿ ಸುಳಿಯಾಗಿ ತಿರುಗುವಾಗ, ಕಣದಲ್ಲಿ ರಾಶಿ ತೂರಿದಾಗ ಕಾಳು ಕೆಳಗುಳಿದು ಹೊಟ್ಟು ಹಾರಿಹೋಗುವಂತೆ, ದಪ್ಪ ಕಣಗಳು ಗೋಡೆಗೆ ಬಡಿದು ಕೆಳಗೆ ಬೀಳುತ್ತವೆ, ಹಗುರವಾದವು ಮೇಲೇರಿ ಬಿಲ್ಲೆಯ ಮೇಲೆ ನಿಲ್ಲುತ್ತವೆ. ಬಿಲ್ಲೆಯನ್ನು ಮೊದಲೊಮ್ಮೆ, ಕೆಲಸ ಮುಗಿದ ಬಳಿಕ ಮತ್ತೊಮ್ಮೆ ಸೂಕ್ಷ್ಮತಕ್ಕಡಿಯಲ್ಲಿ ತೂಗಿದರೆ, ವ್ಯತ್ಯಾಸವೇ ಧೂಳಿನ ತೂಕ. ನಿಮಿಷಕ್ಕೆ 2 ಲೀಟರಿನಂತೆ 8 ಗಂಟೆ ಎಳೆದ ಗಾಳಿ 960 ಲೀಟರು. ಬಿಲ್ಲೆಯ ತೂಕ 1.92 ಮಿಲಿಗ್ರಾಂ ಹೆಚ್ಚಿದ್ದರೆ, ಘನಮೀಟರಿಗೆ 2 ಮಿಲಿಗ್ರಾಂ ಎಂದು ಉತ್ತರ. ಯಂತ್ರವನ್ನು ಎಲ್ಲಿಡಬೇಕೆಂಬುದೇ ಇದರಲ್ಲಿ ಮುಖ್ಯವಾದ ವಿವೇಕ. ವಖಾರದ ನಡುವೆ ಕಂಬಕ್ಕೆ ತೂಗುಹಾಕಿದ ಯಂತ್ರ ಕಟ್ಟಡದ ಗಾಳಿಯನ್ನು ಹೇಳೀತೇ ಹೊರತು, ಜರಡಿಯ ಮೇಲೆ ಬಾಗಿ ಕುಳಿತ ಹೆಣ್ಣುಮಗಳ ಉಸಿರನ್ನು ಹೇಳದು. ಅದು ಆಕೆಯ ಮೂಗಿನ ಸನಿಹದಲ್ಲೇ ಇರಬೇಕು.

ತಂಬಾಕಿನ ವಿಷಯದಲ್ಲಿ ಧೂಳಿನ ತೂಕವೊಂದೇ ಸಾಲದು. ನಿಕೋಟಿನಿನ ಒಂದು ಪಾಲು ಆವಿಯಾಗಿ ಬಿಲ್ಲೆಯನ್ನು ದಾಟಿಹೋಗುವುದರಿಂದ, ಅದನ್ನು ಹೀರಿ ಹಿಡಿಯುವ ರಾಳದ ಹರಳು ತುಂಬಿದ ಗಾಜಿನ ನಳಿಗೆಯನ್ನು ಬಳಸಿ, ಪ್ರಯೋಗಶಾಲೆಯಲ್ಲಿ ಅದರ ಪ್ರಮಾಣವನ್ನು ನಿರ್ಣಯಿಸುತ್ತಾರೆ. ಅಮೆರಿಕದ ಕಾರ್ಯಸ್ಥಳ ನಿಯಮದಲ್ಲಿ ಇದಕ್ಕೆ 8 ಗಂಟೆಯ ಸರಾಸರಿ ಮಿತಿ ಘನಮೀಟರಿಗೆ 0.5 ಮಿಲಿಗ್ರಾಂ, ಚರ್ಮದ ಮೂಲಕವೂ ಅದು ದೇಹ ಸೇರೀತೆಂಬ ಎಚ್ಚರಿಕೆ ಅದರೊಂದಿಗಿದೆ. ಬೆಳಕಿನ ಚದುರಿಕೆಯಿಂದ ಧೂಳನ್ನೆಣಿಸುವ ಅಗ್ಗದ ಪೆಟ್ಟಿಗೆಗಳು ಈಗ ಸುಲಭವಾಗಿ ದೊರೆಯುತ್ತವೆಯಾದರೂ, ಮಳೆಗಾಲದ ತೇವದಲ್ಲಿ ಕಣಗಳು ಉಬ್ಬಿದಾಗ ಅವು ಇದ್ದುದಕ್ಕಿಂತ ಹೆಚ್ಚು ತೋರಿಸುತ್ತವೆ. ಅವನ್ನು ತೂಕದ ಲೆಕ್ಕಕ್ಕೆ ಹೋಲಿಸಿ ನೋಡದೆ ನಂಬಲಾಗದು.

ಧೂಳನ್ನು ಅದು ಹುಟ್ಟುವ ಎಡೆಯಲ್ಲೇ ಹೀರಿ ಹೊರಹಾಕಬೇಕೆಂದು 1948ರ ಕಾರ್ಖಾನೆ ಕಾಯಿದೆಯ 14ನೆಯ ಕಲಮು ವಿಧಿಸಿತ್ತು. ಆದರೂ 1980ರ ದಶಕದ ಆರಂಭದಲ್ಲಿ ನಿಪ್ಪಾಣಿಯ ತಂಬಾಕು ಕಾರ್ಮಿಕ ಸ್ತ್ರೀಯರು ತಮ್ಮ ದುಡಿಮೆಯ ಸ್ಥಿತಿಗತಿಗಾಗಿ ಸಂಘಟಿತರಾಗಿ ಹೋರಾಡಬೇಕಾಯಿತು. ದೀಪಾ ಧನರಾಜ್ ಮೊದಲಾದವರ ಯುಗಾಂತರ್ ಬಳಗ 1982ರಲ್ಲಿ ಅದನ್ನು ಚಲಚ್ಚಿತ್ರವಾಗಿ ದಾಖಲಿಸಿತು. ಇನ್ನು, ಬೀಡಿ ಕಟ್ಟುವ ಮನೆಯ ಮಾತೇ ಬೇರೆ. ಅಲ್ಲಿ ಒಲೆ ಉರಿಯುವ, ಕೂಸು ಮಲಗುವ ಕೋಣೆಯೇ ಕಾರ್ಯಸ್ಥಳವೂ ಆಗುವುದು. ಬಯಲಿನ ಗಾಳಿಯಲ್ಲಿ 2.5 ಮೈಕ್ರಾನಿಗಿಂತ ಕಿರಿದಾದ ಧೂಳು ದಿನದ ಸರಾಸರಿಯಲ್ಲಿ ಘನಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದೆಂದು 2009ರಲ್ಲಿ ರಾಷ್ಟ್ರೀಯ ಮಾನ ನಿಗದಿಯಾಯಿತು; ಆ ಮಾನ ಮನೆಯ ಹೊಸ್ತಿಲಾಚೆಯ ಗಾಳಿಗೆ ಮಾತ್ರ.

ಆದುದರಿಂದ ವಖಾರದ ಒಡೆಯರಲ್ಲಿ ನನ್ನ ವಿನಂತಿ ಇಷ್ಟೇ: ಬರುವ ಹಂಗಾಮಿನಲ್ಲಿ ಜರಡಿಯಾಡಿಸುವ ಹೆಣ್ಣುಮಕ್ಕಳ ಕೊರಳ ಬಳಿ ಈ ಯಂತ್ರವನ್ನು ಒಂದು ಪೂರ್ಣ ದಿನ ಕಟ್ಟಿಸಿರಿ, ಬಂದ ಅಂಕಿಯನ್ನು ಅವರಿಗೂ ತಿಳಿಸಿರಿ, ಜರಡಿಯ ಬಾಯಿಗೇ ಹೀರುನಳಿಕೆಯನ್ನಿರಿಸಿ ಮತ್ತೊಮ್ಮೆ ಅಳೆಯಿಸಿರಿ. ಮನೆಯಲ್ಲಿ ಬೀಡಿ ಕಟ್ಟುವ ತಾಯಂದಿರು ತಂಬಾಕನ್ನು ಅಂಗಳದಲ್ಲಿ ಜರಡಿಯಾಡಿಸಲಿ, ನೆಲವನ್ನು ಗುಡಿಸುವುದಕ್ಕೆ ಬದಲು ಒದ್ದೆಬಟ್ಟೆಯಿಂದ ಒರೆಸಲಿ, ತೊಟ್ಟಿಲನ್ನು ಬೇರೆ ಕೋಣೆಗೆ ಸರಿಸಲಿ.