ಗುರಿ ಯಾರದ್ದು?

ಮನೋಚಿಕಿತ್ಸೆಗೆ ಬಂದವರಲ್ಲಿ ಎಷ್ಟೋ ಜನ ಒಂದೆರಡು ಭೇಟಿಯ ಬಳಿಕ ಮತ್ತೆ ಅತ್ತ ತಲೆಹಾಕುವುದಿಲ್ಲ. 'ಅವರಿಗೇ ಗುಣವಾಗುವ ಮನಸ್ಸಿಲ್ಲ' ಎಂದು ತಪ್ಪನ್ನು ರೋಗಿಯ ಮೇಲೆ ಹೊರಿಸುವುದು ಅನ್ಯಾಯ.

ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಚಿಕಿತ್ಸಕ-ರೋಗಿಯ ನಂಟಿನಲ್ಲಿ ಮೂರು ಎಳೆ ಗುರುತಿಸಿದರು: ಪರಸ್ಪರ ವಿಶ್ವಾಸ, ಏನು ಸಾಧಿಸಬೇಕೆಂಬ ಒಮ್ಮತ, ಅದಕ್ಕಾಗಿ ಏನು ಮಾಡಬೇಕೆಂಬ ಒಮ್ಮತ. ವಿಶ್ವಾಸದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನಂಟು ಹೆಚ್ಚಾಗಿ ಮುರಿಯುವುದು ಎರಡನೆಯ ಎಳೆಯಲ್ಲಿ ಎಂದು ನನಗನ್ನಿಸುತ್ತದೆ.

ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುತ್ತಿರುವ ಸೊಸೆಯೊಬ್ಬಳು ನಿದ್ದೆಯಿಲ್ಲದೆ, ಎದೆ ಡವಗುಟ್ಟುತ್ತದೆಂದು ಬಂದಳೆನ್ನಿ. 'ಮೊದಲು ನಿಮಗೋಸ್ಕರ ಬದುಕಿ, ಬೇಡ ಎನ್ನುವುದನ್ನು ಕಲಿಯಿರಿ' ಎಂದರೆ ಆಕೆ ತಲೆಯಾಡಿಸಿ ಹೋಗುತ್ತಾಳೆ, ಮರುವಾರ ಬರುವುದಿಲ್ಲ. ಅತ್ತೆಯ ಸೇವೆ ಅವಳ ಪಾಲಿಗೆ ರೋಗವಲ್ಲ, ಒಪ್ಪಿಕೊಂಡ ಧರ್ಮ. ಕುಸಿದು ಬೀಳದೆ ಅದನ್ನು ಮಾಡುವುದು ಹೇಗೆಂದು ಕೇಳಲು ಬಂದಿದ್ದಳು. 'ಇದರಲ್ಲಿ ಯಾವುದನ್ನು ನೀವು ಬಿಡಲಾರಿರಿ?' ಎಂದು ಕೇಳಿದ್ದರೆ ಮಾತು ಬೇರೆ ದಾರಿ ಹಿಡಿಯುತ್ತಿತ್ತು: ವಾರದಲ್ಲಿ ಎರಡು ರಾತ್ರಿ ಮೈದುನನ ಪಾಳಿ, ನಿಂತುಹೋದ ಸಂಜೆಯ ಭಜನೆಗೆ ಮತ್ತೆ ಹೋಗುವುದು. ಮನಸ್ಸಿಗೆ ಹಿತವಾದ ಚಟುವಟಿಕೆಗಳನ್ನು ದಿನಚರಿಗೆ ಮರಳಿ ತರುವುದು ಖಿನ್ನತೆಗೆ ಪರೀಕ್ಷಿತ ಚಿಕಿತ್ಸೆಯೇ.

2018ರಲ್ಲಿ 295 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಚಿಕಿತ್ಸೆಯ ಫಲದಲ್ಲಿ ರೋಗಿಯಿಂದ ರೋಗಿಗೆ ಕಾಣುವ ವ್ಯತ್ಯಾಸದ ಸುಮಾರು ಶೇ 8ರಷ್ಟು ಈ ನಂಟಿನೊಂದಿಗೆ ಹೊಂದಿಕೊಂಡಿತ್ತು. ಸಣ್ಣ ಅಂಕಿ ಅನ್ನಿಸಬಹುದು. ಆದರೆ ಚಿಕಿತ್ಸಾ ಪದ್ಧತಿ ಯಾವುದೇ ಇರಲಿ, ದೇಶ ಯಾವುದೇ ಇರಲಿ ಅದು ಕಾಣಿಸಿಕೊಂಡಿತು. ರೋಗಿಯ ಇಷ್ಟಕ್ಕೆ ಬೆಲೆ ಕೊಟ್ಟ ಕಡೆ ಅರ್ಧಕ್ಕೇ ಬಿಡುವವರು ಕಡಿಮೆ ಎಂದು ಅದೇ ವರ್ಷದ ಇನ್ನೊಂದು ವಿಶ್ಲೇಷಣೆ ತೋರಿಸಿತು.

ರೋಗಿಗೆ ಮುಖ್ಯವಾದ ಮನೆಯ ಬದುಕನ್ನು ಬಿಟ್ಟು ಚಿಕಿತ್ಸೆಯಿಲ್ಲ ಎಂಬ ಸುಳಿವು ನಮ್ಮ ದೇಶದ ವೈದ್ಯರಿಗೆ ಮೊದಲೇ ಸಿಕ್ಕಿತ್ತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇಡೀ ಕುಟುಂಬವನ್ನು ಕೂರಿಸಿ ಚಿಕಿತ್ಸೆ ನೀಡುವ ಪರಂಪರೆ ಬೆಳೆಯಿತು.

ಆದರೆ ಮನೆಯವರ ಮೌಲ್ಯವೆಲ್ಲ ರೋಗಿಯ ಮೌಲ್ಯವಲ್ಲ. ಗಂಡನ ಹೊಡೆತವನ್ನು 'ಸಂಸಾರ ಅಂದಮೇಲೆ ಇದ್ದದ್ದೇ' ಎನ್ನುವವಳು ತನ್ನ ನಂಬಿಕೆ ಹೇಳುತ್ತಿದ್ದಾಳೋ, ಹೆದರಿ ಕಲಿತ ಪಾಠ ಒಪ್ಪಿಸುತ್ತಿದ್ದಾಳೋ? ಬಾಗಿಲ ಬಳಿ ಅತ್ತೆ-ಗಂಡ ಕೂತಿದ್ದರೆ ಉತ್ತರ ಸಿಗದು. ಅವಳೊಬ್ಬಳನ್ನೇ ಒಳಗೆ ಕರೆದು, ಅವಸರಿಸದೆ ಕೇಳಬೇಕು. ಜೀವಕ್ಕೆ ಅಪಾಯವಿದ್ದರೆ ಮೊದಲು ಅವಳ ಸುರಕ್ಷತೆ ನೋಡಬೇಕು.